ಬಾಗಿಲಾಚೆ ನಿಂತು ಕರೆಯೋರು

ನಾನು ಎರಡನೇ ಕ್ಲಾಸಲ್ಲಿದ್ದಾಗ ನಮ್ಮಜ್ಜಿ ನನ್ ಕೈಗೆ ಸೀಮೆಸುಣ್ಣ ಕೊಟ್ಟು ಬೀದಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಸಿದ್ರು. ಅಜ್ಜಿಗೆ ಓದು ಬರಹ ಬರ್ತಿರ್ಲಿಲ್ಲ, ಆ ಹೊತ್ತಿಗೆ ಮನೇಲಿ ಅಕ್ಷರ ಗೊತ್ತಿದ್ದೋನು ನಾನೊಬ್ನೇ. 90ರ ದಶಕದಲ್ಲಿ ಬೆಂಗಳೂರಲ್ಲೋ ಸುತ್ತಮುತ್ತಲ ಊರಲ್ಲೋ ಬೆಳೆದೋರಿಗೆ ಇದೇನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ರಾತ್ರಿ ಒಂದು ಹೆಂಗಸಿನ ದೆವ್ವ ಬಂದು ಬಾಗಿಲು ತಟ್ಟತ್ತೆ, ನಿಮ್ಮಮ್ಮನ ದನಿಯಲ್ಲೋ ಅಕ್ಕನ ದನಿಯಲ್ಲೋ ನಿಮ್ಮ ಹೆಸರು ಹಿಡಿದು ಕರೆಯತ್ತೆ, ಬಾಗಿಲು ತೆಗೆದ್ರೆ ಮುಗೀತು, ಬಾಗಿಲ ಮೇಲೆ ನಾಳೆ ಬಾ ಅಂತ ಇದ್ರೆ ಓದ್ಕೊಂಡು ವಾಪಸ್ ಹೋಗತ್ತೆ, ಮಾರನೇ ದಿನ ಮತ್ತೆ ಬರತ್ತೆ, ಮತ್ತೆ ಓದತ್ತೆ. ಅಜ್ಜಿ ಇನ್ನೊಂದು ಮಾತನ್ನೂ ಹೇಳ್ತಿದ್ರು, ರಾತ್ರಿ ಹೊತ್ತು ಯಾರೇ ಕರೆದ್ರೂ ಮೂರು ಸಲ ಕರೆಯೋವರೆಗೂ "ಓ" ಅನ್ನಬಾರ್ದು, ದೆವ್ವ ಒಂದೇ ಸಲ ಕರೆಯೋದು ಅಂತ.

ಈಗ ಯಾಕೆ ನೆನಪಾಯ್ತು ಅಂದ್ರೆ ಕಳೆದ ಎರಡು ಮೂರು ವರ್ಷದಲ್ಲಿ ಬಂದ ಹಾರರ್, ಸೈಫೈ ಥ್ರಿಲ್ಲರ್‌ಗಳಲ್ಲಿ ನಂಗೆ ನಿಜವಾಗ್ಲೂ ಹೆದರಿಕೆ ಹುಟ್ಟಿಸಿದ್ದನ್ನೆಲ್ಲ ಕೂತು ಲೆಕ್ಕ ಹಾಕ್ತಿದ್ದೆ, ಅದ್ರಲ್ಲಿ ಮುಕ್ಕಾಲು ಪಾಲು ಇದೇ ಕಥೆ. ಹೊರಗೆ ಒಬ್ರು ನಿಂತಿದಾರೆ, ದನಿ ಗೊತ್ತಿರೋದೇ, ತೆಗೀಬೇಕಾ ಬೇಡ್ವಾ. ದೆವ್ವದ ಮುಖ, ಹಲ್ಲು, ರಕ್ತ ಇದ್ಯಾವ್ದೂ ಮನೆಗೆ ಬಂದ್ಮೇಲೆ ನೆನಪಲ್ಲಿ ಉಳಿಯಲ್ಲ, ಆ ಬಾಗಿಲ ಹತ್ರದ ಅರ್ಧ ನಿಮಿಷ ಮಾತ್ರ ಉಳಿಯತ್ತೆ. ಹಾಗಾಗಿ ಇವತ್ತು ಆ ಸಿನಿಮಾಗಳ ಬಗ್ಗೆ ಬರೀತೀನಿ, ಕಥೆ ಸ್ವಲ್ಪ ಬಿಟ್ಟುಕೊಡ್ತೀನಿ, ನೋಡದೇ ಇರೋರು ನೋಡಿ ಬಂದು ಓದಿ.

ಮೊದಲು ಸಿನ್ನರ್ಸ್. 2025ರ ಏಪ್ರಿಲ್‌ನಲ್ಲಿ ಬಂತು, ರಯಾನ್ ಕೂಗ್ಲರ್ ಡೈರೆಕ್ಷನ್. ಕಥೆ ನಡೆಯೋದು 1932ರಲ್ಲಿ, ಅಮೆರಿಕದ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಅನ್ನೋ ಊರಲ್ಲಿ, ಹತ್ತಿ ಹೊಲ, ಕರಿಯರ ಮೇಲೆ ಬಿಳಿಯರ ದಬ್ಬಾಳಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ. ಸ್ಮೋಕ್ ಮತ್ತೆ ಸ್ಟ್ಯಾಕ್ ಅಂತ ಅವಳಿ ಅಣ್ಣತಮ್ಮಂದಿರು ಶಿಕಾಗೋದಿಂದ ದುಡ್ಡು ತಗೊಂಡು ಊರಿಗೆ ವಾಪಸ್ ಬಂದು ಒಂದು ಹಳೇ ಮರದ ಮಿಲ್ ಕೊಂಡ್ಕೊಂಡು ಅದ್ರಲ್ಲಿ ತಮ್ಮ ಜನಕ್ಕೆ ಅಂತ ಹಾಡು ಕುಣಿತ ಕುಡಿತದ ಒಂದು ಜಾಗ ತೆರೀತಾರೆ. ಎರಡೂ ಪಾತ್ರ ಮೈಕಲ್ ಬಿ ಜೋರ್ಡನ್ ಒಬ್ನೇ ಮಾಡಿರೋದು, ಹತ್ತು ನಿಮಿಷ ಆದ್ಮೇಲೆ ಒಬ್ನೇ ಅನ್ನೋದು ಮರ್ತೇ ಹೋಗತ್ತೆ. ಅವರ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಪೈಕಿ ಹುಡುಗ ಸ್ಯಾಮಿ, ಪಾದ್ರಿಯ ಮಗ, ಅಪ್ಪ ಬೇಡ ಬೇಡ ಅಂದ್ರೂ ಗಿಟಾರ್ ಹಿಡಿದು ಬ್ಲೂಸ್ ಅನ್ನೋ ಕರಿಯರ ಸಂಗೀತ ಹಾಡೋನು. ಅವನು ಆ ರಾತ್ರಿ ಹಾಡೋವಾಗ ಆ ಹಾಡಿನ ಬಲಕ್ಕೆ ಸತ್ತುಹೋದ ಹಿರಿಯರೂ ಇನ್ನೂ ಹುಟ್ಟದ ಮೊಮ್ಮಕ್ಕಳೂ ಆ ಕೋಣೆಗೆ ಬಂದು ಕುಣೀತಾರೆ, ಆಫ್ರಿಕಾದ ಹಾಡುಗಾರ, ಎಲೆಕ್ಟ್ರಿಕ್ ಗಿಟಾರ್‌ನೋನು, ಡಿಜೆ, ಚೀನಾದ ವೇಷಗಾರರು, ಎಲ್ಲ ಒಂದೇ ಶಾಟಲ್ಲಿ ಹರ್ಕೊಂಡು ಹೋದಂಗೆ. ಥಿಯೇಟರಲ್ಲಿ ನನ್ ಪಕ್ಕ ಕೂತಿದ್ದ ಹುಡುಗ ಕುಡೀತಿದ್ದ ಕೂಲ್‌ಡ್ರಿಂಕ್ಸ್ ಕೆಳಗಿಟ್ಟು ಮುಂದಕ್ಕೆ ಬಗ್ಗಿದ. ನಂಗೆ ಊರ ಕಡೆ ರಾತ್ರಿಯೆಲ್ಲ ನಡೆಯೋ ಭೂತದ ಕೋಲ, ಮಾರಮ್ಮನ ಜಾತ್ರೆಯ ತಮಟೆ ನೆನಪಾಯ್ತು, ವಾದ್ಯ ಒಂದು ಮಟ್ಟಕ್ಕೆ ಏರಿದ್ರೆ ಬರಬೇಕಾದೋರು ಬಂದೇ ಬರ್ತಾರೆ ಅಂತ ನಂಬೋ ಜನ ನಾವೂ ತಾನೆ.

ಆದ್ರೆ ಹಾಡು ಕೇಳಿ ಬರೋರು ಹಿರಿಯರಷ್ಟೇ ಅಲ್ಲ, ರೆಮಿಕ್ ಅನ್ನೋ ರಕ್ತಪಿಶಾಚಿಯೂ ಬರ್ತಾನೆ. ಈ ಪಿಶಾಚಿಗಳಿಗೆ ಒಳಗಿರೋರು ಕರೆಯದೇ ಒಳಗೆ ಕಾಲಿಡೋಕಾಗಲ್ಲ, ಹೊಸಿಲ ಮೇಲೆ ನಿಂತು ನಯವಾಗಿ ಕೇಳ್ತಾರೆ, ನಗ್ತಾರೆ, ಹಾಡ್ತಾರೆ, ದುಡ್ಡು ಕೊಡ್ತೀವಿ ಅಂತಾರೆ. ಬಾಗಿಲು ಕಾಯ್ತಿದ್ದ ಕಾರ್ನ್‌ಬ್ರೆಡ್ ಅನ್ನೋ ದಡೂತಿ ಮನುಷ್ಯ ಉಚ್ಚೆ ಹೊಯ್ಯೋಕೆ ಅಂತ ಹೊರಗೆ ಹೋಗಿ ವಾಪಸ್ ಬಂದು ಬಾಗಿಲಲ್ಲೇ ನಿಂತ್ಕೊಂಡ್ಬಿಡ್ತಾನೆ, ಒಳಗೆ ಬಾ ಅಂತ ಒಂದು ಮಾತು ಹೇಳಿ ಅಂತಾನೆ. ಅಲ್ಲಪ್ಪ ನೀನು ಇಲ್ಲೇ ಕೆಲ್ಸ ಮಾಡೋನು, ಬಾಗಿಲು ತೆಗೆದೇ ಇದೆ, ಬಾ ಅಂತ ಯಾಕೆ ಕರೀಬೇಕು? ನಾಟಿ ಔಷಧಿ, ಬೇರು, ತಾಯ್ತ ಗೊತ್ತಿರೋ ಆ್ಯನಿ ಅನ್ನೋಳಿಗೆ ಮೊದಲು ತಲೆಗೆ ಹೊಳೆಯತ್ತೆ. ಆ ಸೀನಲ್ಲಿ ಯಾವ ಸದ್ದೂ ಇಲ್ಲ, ದಢಾರ್ ಅನ್ನೋ ಮ್ಯೂಸಿಕ್ ಇಲ್ಲ, ಒಬ್ಬ ಮನುಷ್ಯ ಹೊಸಿಲ ಆಚೆ ನಿಂತು ಮಾತಾಡ್ತಿದಾನೆ ಅಷ್ಟೇ, ನನ್ ಕೈ ತಣ್ಣಗಾಗಿತ್ತು. ಕೊನೆಗೆ ಬಾಗಿಲು ತೆಗೆಯೋದು ಪೆದ್ದುತನದಿಂದ ಅಲ್ಲ, ಒಬ್ಬ ತಾಯಿ, ಮಗಳಿಗೆ ಏನ್ ಮಾಡ್ತಾರೋ ಅಂತ ತಡ್ಕೊಳ್ಳಕ್ಕಾಗದೆ ಬನ್ನಿ ಒಳಗೆ ಅಂತ ಕಿರುಚ್ತಾಳೆ. ಹಾರರ್ ಸಿನಿಮಾದಲ್ಲಿ ಪಾತ್ರಗಳು ತಪ್ಪು ಮಾಡಿದಾಗ ನಾವು ಬೈಕೊಳ್ತೀವಲ್ಲ, ಇಲ್ಲಿ ಬೈಯೋಕೆ ಬಾಯಿ ಬರಲ್ಲ.

ನಾನು ನೋಡಿದ್ದು ಸೆಕೆಂಡ್ ಶೋ, ಮನೆಗೆ ಬಂದಾಗ ರಾತ್ರಿ ಒಂದು ಗಂಟೆ ದಾಟಿತ್ತು, ಕೀ ಮರ್ತಿದ್ದೆ. ಬೆಲ್ ಮಾಡ್ದೆ. ಒಳಗಿಂದ ಅಮ್ಮ "ಯಾರು?" ಅಂದ್ರು. "ನಾನೇ" ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ನಾನು ಅಂದ್ರೆ ಯಾರು?" ಅಂದ್ರು. ಆ ಮೆಟ್ಟಿಲ ಮೇಲೆ ನಿಂತು ನಂಗೆ ಹೊಳೀತು, ಅಜ್ಜಿ ಕಥೆಯ ದೆವ್ವಾನೂ ಇದನ್ನೇ ಹೇಳೋದು, ನಾನೇ ಅಂತ. ಹೆಸರು ಹೇಳ್ದೆ, ಮತ್ತೆ ಹೇಳ್ದೆ, ಬಾಗಿಲು ತೆಗೆದ್ರು.

ನಾಳೆ ಬಾ ಕಥೆಯನ್ನ ಹಿಂದಿಯಲ್ಲಿ ಸ್ತ್ರೀ ಅಂತ ಸಿನಿಮಾ ಮಾಡಿದ್ರು, 2018ರಲ್ಲಿ, ಊರು ಮಧ್ಯಪ್ರದೇಶದ ಚಂದೇರಿಗೆ ಹೋಯ್ತು, ದೆವ್ವ ಗಂಡಸರನ್ನ ಮಾತ್ರ ಎತ್ಕೊಂಡು ಹೋಗೋ ಹಾಗೆ ಮಾಡಿದ್ರು. ಅದು ಚೆನ್ನಾಗಿತ್ತು, ನಮ್ಮ ಬಾಗಿಲ ಮೇಲಿದ್ದ ಅಕ್ಷರ ಅಲ್ಲಿ ಗೋಡೆ ಮೇಲೆ ಹಿಂದಿಯಲ್ಲಿ ನೋಡಿ ಖುಷಿಯಾಗಿತ್ತು. 2024ರ ಎರಡನೇ ಭಾಗ ನಂಗೆ ಹಿಡಿಸ್ಲಿಲ್ಲ. ತಲೆ ಕಡಿದ ರುಂಡ ಹಾರಾಡೋದು, ಗ್ರಾಫಿಕ್ಸು, ನಡುನಡುವೆ ಹಾಡು, ದೊಡ್ಡ ಸ್ಟಾರ್‌ಗಳು ಬಂದು ಹೋಗೋದು, ಇದ್ರ ನಡುವೆ ಬಾಗಿಲು ತಟ್ಟೋ ಸದ್ದೇ ಕೇಳಿಸಲ್ಲ.

ಟಾಕ್ ಟು ಮಿ ಸ್ವಲ್ಪ ಹಳೇದಾಯ್ತು, 2023ರಲ್ಲಿ ಥಿಯೇಟರ್‌ಗೆ ಬಂದಿದ್ದು, ಆದ್ರೂ ಬಿಡೋಕೆ ಮನಸ್ಸಿಲ್ಲ. ಆಸ್ಟ್ರೇಲಿಯಾದ ಡ್ಯಾನಿ ಮತ್ತೆ ಮೈಕಲ್ ಫಿಲಿಪ್ಪು ಅನ್ನೋ ಅವಳಿ ಅಣ್ಣತಮ್ಮಂದಿರು ಯೂಟ್ಯೂಬಲ್ಲಿ ವಿಡಿಯೋ ಮಾಡ್ಕೊಂಡಿದ್ದೋರು, ಅವರ ಮೊದಲ ಸಿನಿಮಾ. ಹರೆಯದ ಹುಡುಗ ಹುಡುಗೀರ ಕೈಗೆ ಒಂದು ಸತ್ತೋರ ಕೈ ಸಿಕ್ಕಿದೆ, ಮೇಣದಬತ್ತಿ ಹಚ್ಚಿ ಆ ಕೈ ಹಿಡ್ಕೊಂಡು "ಮಾತಾಡು" ಅಂದ್ರೆ ಎದುರಿಗೆ ಒಂದು ಆತ್ಮ ಬಂದು ಕೂರತ್ತೆ, "ಒಳಗೆ ಬಿಟ್ಟೆ" ಅಂದ್ರೆ ಮೈಮೇಲೆ ಬರತ್ತೆ, 90 ಸೆಕೆಂಡ್ ಒಳಗೆ ಕೈ ಬಿಡಿಸಿ ದೀಪ ಆರಿಸ್ಬೇಕು. ಸುತ್ತ ನಿಂತೋರೆಲ್ಲ ಮೊಬೈಲಲ್ಲಿ ವಿಡಿಯೋ ಮಾಡ್ತಾ ನಗ್ತಿರ್ತಾರೆ. ಇಲ್ಲಿ ಬಾಗಿಲು ಅಂದ್ರೆ ನಮ್ಮ ಮೈಯೇ. ಮಿಯಾ ಅನ್ನೋ ಹುಡುಗಿಗೆ ತಾಯಿ ಸತ್ತು ಎರಡು ವರ್ಷ, ಆಟದ ಮಧ್ಯೆ ಒಬ್ಬ ಚಿಕ್ಕ ಹುಡುಗನ ಬಾಯಲ್ಲಿ ಅವಳಮ್ಮ ಮಾತಾಡಿದ ಹಾಗೆ ಕೇಳಿಸತ್ತೆ. ಹೊತ್ತು ಮುಗೀತಾ ಬಂತು, ಎಲ್ರೂ ಸಾಕು ಬಿಡಿಸು ಅಂತಿದಾರೆ, ಇವಳು ಇನ್ನೊಂಚೂರು ಇನ್ನೊಂಚೂರು ಅಂತಾಳೆ. ಆಮೇಲೆ ಆ ಹುಡುಗನಿಗೆ ಆಗೋದನ್ನ ನಾನು ಪೂರ್ತಿ ನೋಡಕ್ಕಾಗ್ಲಿಲ್ಲ, ಕಣ್ಣು ಮುಚ್ಕೊಂಡೆ. ಆದ್ರೆ ಮಿಯಾ ಮೇಲೆ ಸಿಟ್ಟು ಬರ್ಲಿಲ್ಲ, ಸತ್ತ ಅಮ್ಮನ ದನಿ ಕೇಳಿಸಿದ್ರೆ ಮೂರು ಸಲ ಕರೆಯೋವರೆಗೂ ಕಾಯೋ ಮಗು ಎಲ್ಲಿದೆ.

ವೆಪನ್ಸ್ ಇದನ್ನೇ ತಿರುಗಿಸಿ ಹಾಕಿದೆ. 2025ರ ಆಗಸ್ಟ್‌ನಲ್ಲಿ ಬಂದಿದ್ದು, ಜ್ಯಾಕ್ ಕ್ರೆಗರ್ ಡೈರೆಕ್ಟರ್. ಒಂದು ಸಣ್ಣ ಊರು, ಒಂದೇ ಕ್ಲಾಸಿನ 17 ಮಕ್ಕಳು ರಾತ್ರಿ 2 ಗಂಟೆ 17 ನಿಮಿಷಕ್ಕೆ ಸರಿಯಾಗಿ ಹಾಸಿಗೆಯಿಂದ ಎದ್ದು, ತಾವೇ ಬಾಗಿಲು ತೆಗೆದು, ಎರಡೂ ಕೈ ರೆಕ್ಕೆ ಹಂಗೆ ಚಾಚ್ಕೊಂಡು ಕತ್ತಲಲ್ಲಿ ಓಡಿ ಹೋಗ್ತಾರೆ. ಯಾರೂ ಬಲವಂತ ಮಾಡಿಲ್ಲ, ಬೀಗ ಒಡೆದಿಲ್ಲ. ಅಪ್ಪ ಅಮ್ಮಂದಿರಿಗೆ ಉಳಿದಿರೋದು ಡೋರ್‌ಬೆಲ್ ಕ್ಯಾಮೆರಾದ ವಿಡಿಯೋ ಮಾತ್ರ, ಮಗು ಓಡೋ ಬೆನ್ನು. ಜಾಶ್ ಬ್ರೋಲಿನ್ ಮಾಡಿರೋ ಅಪ್ಪ ಆ ವಿಡಿಯೋನ ಮತ್ತೆ ಮತ್ತೆ ನೋಡಿ, ಬೇರೆ ಮನೆಯೋರ ವಿಡಿಯೋನೂ ಕೇಳಿ ತಗೊಂಡು, ಮಕ್ಕಳು ಓಡಿದ ದಿಕ್ಕಿಗೆ ಮ್ಯಾಪ್ ಮೇಲೆ ಗೆರೆ ಎಳೆದು ಎಲ್ಲಿ ಸೇರ್ತಾವೆ ಅಂತ ನೋಡ್ತಾನಲ್ಲ, ಆ ಭಾಗ ನಂಗೆ ತುಂಬ ಹಿಡಿಸ್ತು, ಪೊಲೀಸರಿಗೆ ಹೊಳೀದೇ ಇದ್ದದ್ದು ಒಬ್ಬ ಅಪ್ಪನ ಸಂಕಟಕ್ಕೆ ಹೊಳೀತು. ಊರೋರೆಲ್ಲ ಸೇರಿ ಟೀಚರ್ ಮೇಲೆ ಗೂಬೆ ಕೂರಿಸ್ತಾರೆ, ಅವಳ ಕಾರ್ ಮೇಲೆ ಮಾಟಗಾತಿ ಅಂತ ಪೇಂಟಲ್ಲಿ ಬರೀತಾರೆ, ಇದು ನಮ್ಮ ಊರುಗಳಲ್ಲಿ ಆಗದೇ ಇರೋದೇನಲ್ಲ. ನಡುವೆ ಪೊಲೀಸಿನೋನ ಅಧ್ಯಾಯ ಸ್ವಲ್ಪ ಎಳೆದಿದೆ ಅನ್ನಿಸ್ತು. ಆದ್ರೆ ಏಮಿ ಮ್ಯಾಡಿಗನ್ ಬಂದ್ಮೇಲೆ, ಕೆಂಪು ವಿಗ್ ಹಾಕಿ ದೊಡ್ಡ ಕನ್ನಡಕ ಇಟ್ಕೊಂಡ ಅಜ್ಜಿ ತರದ ಹೆಂಗಸು, ನೆಂಟಳು ಅಂತ ಹೇಳ್ಕೊಂಡು ಒಂದು ಮನೆ ಸೇರ್ಕೊಂಡೋಳು, ಆಮೇಲೆ ಕುರ್ಚಿ ಬಿಟ್ಟು ಏಳಕ್ಕಾಗಲ್ಲ. ನೆಂಟರಿಗೆ ಯಾರು ತಾನೆ ನಾಳೆ ಬಾ ಅಂತಾರೆ.

ಸೈಫೈ ಕಡೆ ಬಂದ್ರೆ ಏಲಿಯನ್: ರೊಮ್ಯುಲಸ್. 2024ರದ್ದು, ಫೆಡೆ ಅಲ್ವಾರೆಜ್ ಮಾಡಿರೋದು, ಕಥೆ 1979ರ ಮೊದಲ ಏಲಿಯನ್ ಮತ್ತೆ 1986ರ ಎರಡನೇದ್ರ ನಡುವಿನ ಕಾಲಕ್ಕೆ ಸೇರತ್ತೆ. ಬಿಸಿಲೇ ಬೀಳದ ಒಂದು ಗ್ರಹದ ಗಣಿಯಲ್ಲಿ ಕೂಲಿ ಮಾಡೋ ಹುಡುಗರು, ಕಂಪನಿ ಒಪ್ಪಂದದ ಗಂಟೆಗಳನ್ನ ಹೆಚ್ಚಿಸ್ತಾನೇ ಹೋಗತ್ತೆ, ಬಿಡುಗಡೆ ಅನ್ನೋದೇ ಇಲ್ಲ, ಹಾಗಾಗಿ ಮೇಲೆ ತೇಲ್ತಾ ಇರೋ ಪಾಳು ಸ್ಟೇಷನ್‌ಗೆ ನುಗ್ಗಿ ಸಾಮಾನು ಕದ್ದು ಬೇರೆ ಗ್ರಹಕ್ಕೆ ಓಡೋಣ ಅಂತ ಹೊರಡ್ತಾರೆ. ರೇನ್ ಅನ್ನೋ ಹುಡುಗಿ ಜೊತೆ ಆ್ಯಂಡಿ ಇದ್ದಾನೆ, ಅವನು ಮನುಷ್ಯ ಅಲ್ಲ, ಅವಳಪ್ಪ ಕಸದಿಂದ ಎತ್ತಿ ರಿಪೇರಿ ಮಾಡಿ ತಮ್ಮನ ಹಂಗೆ ಸಾಕಿದ ಯಂತ್ರಮಾನವ. ಡೇವಿಡ್ ಜಾನ್ಸನ್ ಆ ಪಾತ್ರ ಮಾಡಿರೋ ರೀತಿಗೋಸ್ಕರಾನೇ ಸಿನಿಮಾ ನೋಡ್ಬೇಕು. ಮೊದಲು ತಡವರಿಸೋ, ಚಿಲ್ಲರೆ ಜೋಕ್ ಹೇಳೋ ಮುಗ್ಧ, ಅವನಿಗೆ ಇರೋ ಒಂದೇ ಆಜ್ಞೆ ರೇನ್‌ಗೆ ಒಳ್ಳೇದು ಮಾಡೋದು. ನಡುವೆ ಅವನ ಕುತ್ತಿಗೆಗೆ ಸ್ಟೇಷನ್ನಿನ ಬೇರೊಂದು ಯಂತ್ರದ ಚಿಪ್ ಹಾಕ್ತಾರೆ, ಆಜ್ಞೆ ಬದಲಾಗತ್ತೆ, ಈಗ ಕಂಪನಿಗೆ ಒಳ್ಳೇದು ಮಾಡೋದು. ಬೆನ್ನು ನೆಟ್ಟಗಾಗತ್ತೆ, ಕಣ್ಣು ಬೇರೆ ಆಗತ್ತೆ, ಮಾತು ತಣ್ಣಗಾಗತ್ತೆ.

ಮತ್ತೆ ಅದೇ ಬಾಗಿಲು. ಕೇ ಅನ್ನೋ ಬಸುರಿ ಹುಡುಗಿ ಆಚೆ ಸಿಕ್ಕಿಹಾಕ್ಕೊಂಡಿದಾಳೆ, ಗಾಜು ಬಡೀತಿದಾಳೆ, ತೆಗೀರಿ ತೆಗೀರಿ ಅಂತ. ಈಚೆ ಕಡೆ ಸ್ವಂತ ಅಣ್ಣ ಕೂಗಾಡ್ತಿದಾನೆ. ಆ್ಯಂಡಿ ತೆಗೆಯಲ್ಲ. ತೆಗೆದ್ರೆ ಏಲಿಯನ್, ಅಂದ್ರೆ ಇವರನ್ನ ಬೇಟೆಯಾಡ್ತಿರೋ ಅನ್ಯಲೋಕದ ಪ್ರಾಣಿ, ಒಳಗೆ ಬರತ್ತೆ, ನಾವೆಲ್ಲ ಸಾಯ್ತೀವಿ, ಇವಳನ್ನ ಅದು ಬೇಟೆಗೆ ಮೇವು ಮಾಡ್ಕೊಂಡಿದೆ ಅನ್ನೋದು ಅವನ ಲೆಕ್ಕ. ಲೆಕ್ಕ ಸರಿಯೂ ಇದೆ, ಅದೇ ಕಷ್ಟ. 1979ರದ್ದನ್ನ ನೋಡಿದೋರಿಗೆ ಗೊತ್ತು, ಅಲ್ಲಿ ಹಡಗಿನ ಹೊರಗೆ ಹೋಗಿ ಬಂದೋರಿಗೆ ರಿಪ್ಲಿ ಅನ್ನೋಳು ಕ್ವಾರಂಟೈನ್ ರೂಲ್ಸ್ ಇದೆ, ಒಳಗೆ ಬಿಡಲ್ಲ ಅಂತಾಳೆ, ಯಂತ್ರಮಾನವ ಬಾಗಿಲು ತೆಗೀತಾನೆ, ಅಲ್ಲಿಂದ ಅನರ್ಥ ಶುರು. ಇಲ್ಲಿ ಮನುಷ್ಯರು ತೆಗಿ ಅಂತಾರೆ, ಯಂತ್ರ ಬೇಡ ಅನ್ನತ್ತೆ. ಎರಡು ಸಲವೂ ಅದರ ಹಿಂದೆ ಇರೋದು ಕಂಪನಿಯ ಲಾಭ. ಗಾಜಿನ ಈಚೆಯಿಂದ ನೋಡ್ತಾ ನಿಂತ ಅಣ್ಣನ ಮುಖ ಇವತ್ತಿಗೂ ನನ್ ಕಣ್ಣೆದುರಿಗಿದೆ.

ಇನ್ನೆರಡು ಕಡೆ ನಂಗೆ ಸಿನಿಮಾ ತುಂಬ ಇಷ್ಟ ಆಯ್ತು. ಮುಖಕ್ಕೆ ಅಮರ್ಕೊಳ್ಳೋ ಆ ಹುಳಗಳು ಮೈಯ ಬಿಸಿಯಿಂದ ಗುರುತು ಹಿಡೀತಾವೆ ಅಂತ ಗೊತ್ತಾಗಿ ಕೋಣೆಯ ಶಾಖವನ್ನ ಮೈಶಾಖದಷ್ಟೇ ಏರಿಸಿ ಉಸಿರು ಬಿಗಿಹಿಡಿದು ಮೆಲ್ಲಗೆ ನಡ್ಕೊಂಡು ಹೋಗ್ತಾರಲ್ಲ, ಅದು. ಇನ್ನೊಂದು, ಏಲಿಯನ್ ರಕ್ತ ಆಸಿಡ್, ಹೊಡೆದ್ರೆ ನೆಲ ಕೊರೆದು ಹಡಗೇ ತೂತಾಗತ್ತೆ, ಅದಕ್ಕೆ ಗುರುತ್ವ ಆಫ್ ಮಾಡಿ ಹೊಡೀತಾರೆ, ರಕ್ತ ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ತೇಲ್ತಿರತ್ತೆ, ಅದರ ನಡುವೆ ನುಸುಳ್ಕೊಂಡು ಹೋಗ್ಬೇಕು. ಬೇಜಾರಾಗಿದ್ದು 1979ರದ್ರಲ್ಲಿ ಯಂತ್ರಮಾನವನ ಪಾತ್ರ ಮಾಡಿದ್ದ, 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನ ಕಂಪ್ಯೂಟರ್‌ನಲ್ಲಿ ಮತ್ತೆ ತಂದು ಮಾತಾಡಿಸಿದ್ದು. ಮನೆಯೋರ ಒಪ್ಪಿಗೆ ಇತ್ತಂತೆ, ಇರ್ಲಿ, ಆದ್ರೂ ಆ ಪಾತ್ರಕ್ಕೆ ಹೊಸ ಮುಖ ಹಾಕಿದ್ರೆ ಕಥೆಗೆ ಏನೂ ಕಮ್ಮಿ ಆಗ್ತಿರ್ಲಿಲ್ಲ, ಬಾಯಿ ಆಡೋ ರೀತಿ ನೋಡಿದಾಗೆಲ್ಲ ನಾನು ಕಥೆಯಿಂದ ಹೊರಗೆ ಬಂದ್ಬಿಡ್ತಿದ್ದೆ.

ಕಂಪ್ಯಾನಿಯನ್ (2025) ಸಣ್ಣ ಸಿನಿಮಾ, ಒಂದು ಕೆರೆ ಪಕ್ಕದ ಮನೆ, ಆರು ಜನ, ವೀಕೆಂಡ್. ಐರಿಸ್ ಅನ್ನೋ ಹುಡುಗಿ ತನ್ನ ಬಾಯ್‌ಫ್ರೆಂಡನ್ನ ಪ್ರಾಣಕ್ಕಿಂತ ಹೆಚ್ಚು ಪ್ರೀತಿಸ್ತಾಳೆ, ಅವನು "ಐರಿಸ್, ಮಲ್ಕೋ" ಅಂದ ತಕ್ಷಣ ಕಣ್ಣು ಬೆಳ್ಳಗಾಗಿ ನಿಂತಲ್ಲೇ ನಿಂತ್ಬಿಡ್ತಾಳೆ. ಅವಳು ಬಾಡಿಗೆಗೆ ತಂದ ಯಂತ್ರ, ಬುದ್ಧಿ ಎಷ್ಟಿರ್ಬೇಕು ಅನ್ನೋದನ್ನೂ ಅವನು ಫೋನಲ್ಲಿ ಬೆರಳಾಡಿಸಿ ಏರಿಸಿ ಇಳಿಸಬಹುದು. ದನಿಗೆ ಓಗೊಡದೇ ಇರೋಕೆ ಅವಳ ಕೈಯಲ್ಲಿ ಆಗೋದೇ ಇಲ್ಲ, ಆ ಫೋನ್ ಅವಳ ಕೈಗೆ ಸಿಗೋವರೆಗೂ. ಆ ಕ್ಷಣಕ್ಕೆ ನಾನು ಮನೇಲೇ ಒಬ್ನೇ ಕೂತು ಚಪ್ಪಾಳೆ ಹೊಡೆದೆ. ಟ್ರೈಲರಲ್ಲೇ ಅವಳು ಯಂತ್ರ ಅಂತ ತೋರಿಸಿಬಿಟ್ಟಿದ್ರು, ಅದೊಂದು ದೊಡ್ಡ ಅನ್ಯಾಯ ಆ ಸಿನಿಮಾಗೆ.

ಎ ಕ್ವಯಟ್ ಪ್ಲೇಸ್: ಡೇ ಒನ್ (2024) ಬಗ್ಗೆ ಎರಡೇ ಮಾತು. ಸದ್ದು ಮಾಡಿದ್ರೆ ಸಾಯಿಸೋ ಪ್ರಾಣಿಗಳು ನ್ಯೂಯಾರ್ಕಿಗೆ ಬಂದ ಮೊದಲ ದಿನ, ಕ್ಯಾನ್ಸರ್‌ನಿಂದ ಹೇಗೂ ಸಾಯ್ತಿರೋ ಒಬ್ಬಳಿಗೆ ಸಾಯೋಕೆ ಮುಂಚೆ ತನ್ನಪ್ಪನ ಜೊತೆ ತಿಂದ ಪಿಜ್ಜಾ ಒಂದ್ಸಲ ತಿನ್ನಬೇಕು, ಬಗಲಲ್ಲಿ ಒಂದು ಬೆಕ್ಕು. ಲುಪಿಟಾ ನ್ಯೋಂಗೋ ಮುಖ ನೋಡೋಕೇ ಎರಡು ಸಲ ನೋಡ್ದೆ.

ಮಲಯಾಳಂನ ಭ್ರಮಯುಗಂ ನೋಡಿದ್ದು 2024ರ ಫೆಬ್ರವರಿಯಲ್ಲಿ, ರಾಹುಲ್ ಸದಾಶಿವನ್ ಡೈರೆಕ್ಷನ್, ಪೂರ್ತಿ ಕಪ್ಪು ಬಿಳುಪು. 17ನೇ ಶತಮಾನದ ಮಲಬಾರ್, ತೇವನ್ ಅನ್ನೋ ಪಾಣ ಜಾತಿಯ ಹಾಡುಗಾರ ಕಾಡಲ್ಲಿ ದಾರಿ ತಪ್ಪಿ, ಹಸಿದು, ಒಂದು ಪಾಳು ಬಿದ್ದ ದೊಡ್ಡ ಮನೆಗೆ ಬಂದು ಸೇರ್ತಾನೆ. ಕೊಡುಮೋನ್ ಪೋಟ್ಟಿ ಅನ್ನೋ ಯಜಮಾನ ಅವನನ್ನ ಕೂರಿಸಿ, ಹಾಡಿಸಿ, ಮೆಚ್ಕೊಂಡು, ನಮ್ಮನೇಲಿ ಜಾತಿ ಗೀತಿ ನೋಡಲ್ಲ, ನೀನು ಅತಿಥಿ ಅಂತಾನೆ. ಹುಟ್ಟಿದಾಗಿನಿಂದ ಹೊಸಿಲಾಚೆ ನಿಂತೇ ಬದುಕಿದೋನಿಗೆ ಯಾರೋ ಒಳಗೆ ಬಾ ಅಂದ್ರೆ ಹೆಂಗಿರ್ಬೇಡ. ಇಲ್ಲಿ ದೆವ್ವ ಒಳಗಿದೆ, ಕರೆಯೋದು ಒಳಗಿಂದ, ಕರೆಯೋದೇ ಬಲೆ. ಆಮೇಲೆ ಪಗಡೆ ಆಡು ಅಂತಾನೆ, ಪಣಕ್ಕೆ ಇಡೋಕೆ ನಿನ್ ಹತ್ರ ಏನೂ ಇಲ್ಲ ಅಲ್ವಾ, ನಿನ್ ಆಯಸ್ಸಿನ ಕಾಲ ಇಡು ಅಂತಾನೆ. ಸೋತೋನು ಎಷ್ಟು ದಿನ ಅಲ್ಲಿದ್ದ ಅಂತ ಅವನಿಗೇ ಲೆಕ್ಕ ಸಿಗದೇ ಹೋಗತ್ತೆ, ಮಳೆ ನಿಲ್ಲಲ್ಲ, ಗೇಟ್ ದಾಟಿದ್ರೂ ಮತ್ತೆ ಅಲ್ಲೇ ಬಂದು ಬೀಳ್ತಾನೆ. 70 ದಾಟಿದ ಮಮ್ಮೂಟ್ಟಿ ಅವರು ಇಂಥ ಯಜಮಾನನ ಪಾತ್ರ ಒಪ್ಪಿ ಮಾಡಿದಾರಲ್ಲ, ಆ ಹಲ್ಲು, ಆ ನಗು, ಮಾಂಸ ಕಚ್ಚಿ ತಿನ್ನೋ ರೀತಿ. ನಮ್ಮ ಕಡೆಯ ದೊಡ್ಡ ಹೀರೋಗಳು ಇದನ್ನ ಒಂದ್ಸಲ ನೋಡ್ಲಿ ಅಂತ ನಂಗೆ ನಿಜವಾಗ್ಲೂ ಆಸೆ.

ಇನ್ನು ನಮ್ಮ ಸು ಫ್ರಮ್ ಸೋ. 2025ರ ಜುಲೈ ಕೊನೇಲಿ ಬಂತು, ಜೆ.ಪಿ. ತುಮಿನಾಡು ಬರೆದು ಡೈರೆಕ್ಟ್ ಮಾಡಿ ತಾವೇ ಅಶೋಕನ ಪಾತ್ರ ಮಾಡಿದಾರೆ, ರಾಜ್ ಬಿ. ಶೆಟ್ಟಿ ಪ್ರೊಡ್ಯೂಸರ್. ಎಲ್ರೂ ಕಾಮಿಡಿ ಅಂತಾರೆ, ನಾನೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದೀನಿ, ಆದ್ರೆ ನಂಗೆ ಅದು ಈ ಸಾಲಿನಲ್ಲೇ ಕೂರೋ ಸಿನಿಮಾ. ಕುಡಿದು ಬಚ್ಚಲು ಮನೆ ಇಣುಕಿ ಸಿಕ್ಕಿಬಿದ್ದ ಹುಡುಗ ಮಾನ ಉಳಿಸ್ಕೊಳ್ಳೋಕೆ ಮೈಮೇಲೆ ದೆವ್ವ ಬಂದೋನ ಹಾಗೆ ಆಡ್ತಾನೆ, ಯಾರು ನೀನು ಅಂತ ಕೇಳಿದ್ರೆ ಸೋಮೇಶ್ವರದ ಸುಲೋಚನಾ ಅಂತ ಬಾಯಿಗೆ ಬರತ್ತೆ. ಅಮೆರಿಕದ ಪಿಶಾಚಿಗಳಿಗೆ ಊರಿಲ್ಲ, ನಮ್ಮ ದೆವ್ವಕ್ಕೆ ಹೆಸರೂ ಇದೆ, ಊರೂ ಇದೆ, ಉಳ್ಳಾಲದ ಹತ್ರ ಬಸ್ ಹತ್ತಿ ಹೋಗಬಹುದಾದ ಊರು. ಆಮೇಲೆ ಗೊತ್ತಾಗತ್ತೆ ಸುಲೋಚನಾ ಅನ್ನೋ ಹೆಂಗಸು ನಿಜವಾಗ್ಲೂ ಇದ್ಲು, ಅವಳಿಗೊಬ್ಬ ಮಗಳಿದಾಳೆ, ಆ ಮಗಳ ಬಾಳು ಕಷ್ಟದಲ್ಲಿದೆ. ಇಲ್ಲದ ದೆವ್ವಕ್ಕೆ ರಾತ್ರಿಯೆಲ್ಲ ಎದ್ದು ಓಡಾಡಿದ ಊರು ಈಗ ಜೀವಂತ ಇರೋ ಹೆಣ್ಣುಮಗಳ ಕಡೆ ತಿರುಗಿ ನೋಡ್ಬೇಕಾಗತ್ತೆ. ಊರೋರೆಲ್ಲ ಮಾತು ಕೇಳೋ ರವಿಯಣ್ಣ ಅಲ್ಲಿಂದಾಚೆಗೆ ಬೇರೆ ಮನುಷ್ಯ ಆಗ್ತಾರೆ, ಶನೀಲ್ ಗೌತಮ್ ಅವರ ನಟನೆಗೆ ಕೈ ಮುಗೀಬೇಕು. ಸೆಕೆಂಡ್ ಹಾಫ್‌ನಲ್ಲಿ ಆ ಮಗಳ ಪಾತ್ರಕ್ಕೆ ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು, ಅವಳ ಬಾಯಿಂದಾನೇ ಇನ್ನೂ ಕೇಳಬೇಕಿತ್ತು ಅನ್ನೋದೊಂದೇ ನನ್ ಕೊರತೆ.

ಒಂದು ಮರ್ತಿದ್ದೆ, ಸಿನ್ನರ್ಸ್ ನೋಡೋಕೆ ಹೋದೋರು ಕೊನೇಲಿ ಟೈಟಲ್ ಕಾರ್ಡ್ ಬಂತು ಅಂತ ಎದ್ದು ಹೋಗ್ಬೇಡಿ, ನಾನು ನೋಡಿದ ಶೋನಲ್ಲಿ ಅರ್ಧ ಜನ ಹೋಗಿಬಿಟ್ರು. ಹೆಸರುಗಳ ನಡುವೆ ಒಂದು ಸೀನ್ ಬರತ್ತೆ. 1992, 60 ವರ್ಷ ಕಳೆದಿದೆ, ಸ್ಯಾಮಿ ಈಗ ಮುದುಕ, ದೊಡ್ಡ ಬ್ಲೂಸ್ ಹಾಡುಗಾರ, ಆ ಪಾತ್ರ ಮಾಡಿರೋದು ನಿಜವಾದ ಬ್ಲೂಸ್ ದಿಗ್ಗಜ ಬಡಿ ಗೈ. ಕಾರ್ಯಕ್ರಮ ಮುಗಿದು ಕ್ಲಬ್ಬಲ್ಲಿ ಕೂತಿದಾನೆ, ಹೊರಗೆ ಇಬ್ರು ಬಂದಿದಾರೆ ಅಂತಾರೆ. ಅವತ್ತಿನ ರಾತ್ರಿ ಪಿಶಾಚಿಗಳಾಗಿ ಹೋದ ಸ್ಟ್ಯಾಕ್ ಮತ್ತೆ ಅವನ ಹುಡುಗಿ, ಒಂದು ದಿನವೂ ವಯಸ್ಸಾಗಿಲ್ಲ. ಮುದುಕನಿಗೆ ಅವ್ರು ಯಾರು ಅಂತ ಗೊತ್ತು, ಕರೆಯದೇ ಬರೋಕಾಗಲ್ಲ ಅಂತಾನೂ ಗೊತ್ತು, ಕೆನ್ನೆ ಮೇಲೆ ಅವತ್ತಿನ ಉಗುರಿನ ಗಾಯದ ಗುರುತು ಇನ್ನೂ ಇದೆ. ಒಳಗೆ ಬಿಡು ಅಂತಾನೆ. ಬರ್ತಾರೆ, ಪಕ್ಕದಲ್ಲಿ ಕೂರ್ತಾರೆ, ಅವನ ಹತ್ರ ಒಂದು ಹಾಡು ಕೇಳ್ತಾರೆ.